ಹಿಡಿಸದವರ ಮಾತನ್ನೂ ಪೂರ್ತಿ ಕೇಳುವ ಹಬ್ಬ

ಸೆಪ್ಟೆಂಬರ್ 15 ಅಂದರೆ ನಮಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ, ಎಂಜಿನಿಯರುಗಳ ದಿನ. ಅದೇ ದಿನ ಅಂತಾರಾಷ್ಟ್ರೀಯ ಪ್ರಜಾಪ್ರಭುತ್ವ ದಿನವೂ ಹೌದು ಎನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 2007ರಲ್ಲಿ ವಿಶ್ವಸಂಸ್ಥೆ ಇದನ್ನು ಘೋಷಿಸಿತು. ಸಂಸತ್ತುಗಳೇ ಮುಂದೆ ನಿಂತು ಇದನ್ನು ಆಚರಿಸಬೇಕು ಎನ್ನುವುದು ಆಶಯ. 2009ರಲ್ಲಿ ಜಗತ್ತಿನ ಸಂಸತ್ತುಗಳ ಒಕ್ಕೂಟ ಈ ದಿನಕ್ಕೆ ಆರಿಸಿಕೊಂಡ ವಿಷಯ ರಾಜಕೀಯ ಸಹಿಷ್ಣುತೆ.

ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ. 2009ರ ನವೆಂಬರ್ 9ರಂದು ನಮ್ಮ ಮುಂಬಯಿಯ ವಿಧಾನ ಭವನದಲ್ಲಿ ಏನಾಯಿತು ನೆನಪಿದೆಯೆ? ಸಮಾಜವಾದಿ ಪಕ್ಷದ ಅಬು ಆಜ್ಮಿ ಹಿಂದಿಯಲ್ಲಿ ಪ್ರಮಾಣವಚನ ತೆಗೆದುಕೊಳ್ಳಲು ಹೊರಟರು. ಮರಾಠಿಯಲ್ಲೇ ಆಗಬೇಕು ಎಂದು ಮಹಾರಾಷ್ಟ್ರ ನವನಿರ್ಮಾಣ ಸೇನೆಯ ಶಾಸಕರು ಮೈಕು ಕಿತ್ತುಕೊಂಡರು, ಕೈ ಮಾಡಿದರು. ನಾಲ್ವರು ನಾಲ್ಕು ವರ್ಷಕ್ಕೆ ಅಮಾನತಾದರು.

ಆಜ್ಮಿಯವರ ರಾಜಕೀಯ ನಿಮಗೆ ಹಿಡಿಸಬೇಕೆಂದಿಲ್ಲ. ಪ್ರಶ್ನೆ ಅದಲ್ಲ. ಶಾಸನಸಭೆಯ ಕಲಾಪ ರಾಜ್ಯಭಾಷೆಯಲ್ಲಿ, ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯಬಹುದು ಎನ್ನುತ್ತದೆ ಸಂವಿಧಾನದ 210ನೇ ವಿಧಿ. ಈ ಯಾವ ಭಾಷೆಯಲ್ಲೂ ಸರಿಯಾಗಿ ಹೇಳಿಕೊಳ್ಳಲಾಗದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು ಎಂದೂ ಹೇಳುತ್ತದೆ. ಅಂಥ ಮನೆಯೊಳಗೇ ಭಾಷೆಗಾಗಿ ಏಟು ಬಿದ್ದರೆ, ಹೊರಗೆ ಟ್ಯಾಕ್ಸಿ ಓಡಿಸುವವನ, ಹೋಟೆಲಿನಲ್ಲಿ ಲೋಟ ತೊಳೆಯುವವನ ಪಾಡೇನು? ಪರವೂರಿನಲ್ಲಿ ಬಾಳಿದ ನಮಗೆ ಇದು ಬರೀ ಸುದ್ದಿಯಲ್ಲ.

ಆದರೆ ಇದೇ ಮುಂಬಯಿಗೆ ಇನ್ನೊಂದು ಮುಖವೂ ಇದೆ. 1966ರಲ್ಲಿ ಶಿವಸೇನೆ ಹುಟ್ಟಿ, ದಕ್ಷಿಣದವರ ವಿರುದ್ಧ ಕೂಗು ಎದ್ದಿದ್ದ ಕಾಲ. ಮರುವರ್ಷವೇ ದಕ್ಷಿಣ ಮುಂಬಯಿಯ ಮತದಾರರು ಕಾಂಗ್ರೆಸ್ಸಿನ ಘಟಾನುಘಟಿ ಎಸ್.ಕೆ. ಪಾಟೀಲರನ್ನು ಸೋಲಿಸಿ, ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸರನ್ನು ಲೋಕಸಭೆಗೆ ಕಳಿಸಿದರು! ಅದೇ ಲೋಕಸಭೆಗೆ ಶಿವಮೊಗ್ಗದಿಂದ ಆರಿಸಿ ಹೋದವರು ಜೆ.ಎಚ್. ಪಟೇಲರು. ಅವರು ಅಲ್ಲಿ ಕನ್ನಡದಲ್ಲಿ ಮಾತಾಡಲು ಎದ್ದರು. ಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿ ಅವಕಾಶ ಕೊಟ್ಟರು. ಕೂತಿದ್ದ ಬಹುಪಾಲು ಮಂದಿಗೆ ಕನ್ನಡ ಬಾರದು. ಆದರೂ ಸಭೆ ಕೇಳಿತು. ನನ್ನ ಪ್ರಕಾರ ಪ್ರಜಾಪ್ರಭುತ್ವದ ಆಚರಣೆ ಅಂದರೆ ಇದು.

ಸಹಿಷ್ಣುತೆ ಅಂದರೆ ನಮ್ಮವರ ಮಾತು ಕೇಳುವುದಷ್ಟೇ ಅಲ್ಲ. 2021ರ ಜುಲೈನಲ್ಲಿ ಇದೇ ಮಹಾರಾಷ್ಟ್ರ ವಿಧಾನಸಭೆ ಬಿಜೆಪಿಯ 12 ಶಾಸಕರನ್ನು ಒಂದು ವರ್ಷ ಅಮಾನತು ಮಾಡಿತು. 2022ರ ಜನವರಿ 28ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ನಡೆಯುತ್ತಿರುವ ಅಧಿವೇಶನ ಮುಗಿದ ಮೇಲೂ ಅಮಾನತು ಎಳೆದರೆ, ಆರಿಸಿ ಕಳಿಸಿದ ಮತದಾರರಿಗೇ ಶಿಕ್ಷೆ ಕೊಟ್ಟಂತೆ ಎನ್ನುವುದು ತೀರ್ಪಿನ ಸಾರ. ಈ ನ್ಯಾಯ 2009ರ ಆ ನಾಲ್ವರ ಮತದಾರರಿಗೂ ಸಲ್ಲಬೇಕಲ್ಲವೆ? ಕೈ ಮಾಡಿದವನಿಗೆ ಕಾನೂನಿದೆ. ಅವನ ಊರಿನ ಬಾಯಿಗೆ ನಾಲ್ಕು ವರ್ಷ ಬೀಗ ಯಾಕೆ?

ಗಡಿಯ ವಿಷಯವನ್ನೇ ನೋಡಿ. 2022ರ ಡಿಸೆಂಬರ್ 22ರಂದು ಬೆಳಗಾವಿಯಲ್ಲಿ ಕರ್ನಾಟಕದ ವಿಧಾನಸಭೆ, 27ರಂದು ನಾಗಪುರದಲ್ಲಿ ಮಹಾರಾಷ್ಟ್ರದ್ದು, ಪರಸ್ಪರ ವಿರುದ್ಧ ನಿರ್ಣಯ ಮಾಡಿದವು. ಎರಡೂ ಸರ್ವಾನುಮತದ ನಿರ್ಣಯಗಳು. ಇಲ್ಲಿನ ಕನ್ನಡಿಗ, ಅಲ್ಲಿನ ಮರಾಠಿಗ ಇಬ್ಬರಿಗೂ ಹೆದರಿಕೆ ಹುಟ್ಟಿಸುವುದು ಆ 'ಸರ್ವಾನುಮತ' ಎಂಬ ಪದವೇ. ನಾವು ಆ 'ಸರ್ವ'ದಲ್ಲಿ ಇದ್ದೇವೆಯೆ?

ಹಾಗಾದರೆ ಶಾಸನಸಭೆಗಳು ಏನು ಮಾಡಬಹುದು? ಮೊದಲನೆಯದಾಗಿ, ಸೆಪ್ಟೆಂಬರ್ 15ರಂದು ಅಧಿವೇಶನ ಇಲ್ಲದಿದ್ದರೂ ಸಭಾಂಗಣದ ಬಾಗಿಲು ತೆರೆಯಲಿ. ಮುಂಬಯಿ ಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿಯ ಜೊತೆ ಕನ್ನಡ, ತಮಿಳು, ತೆಲುಗು ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದಿದೆ. ಆ ಮಕ್ಕಳು ತಂತಮ್ಮ ಭಾಷೆಯಲ್ಲಿ ಅಲ್ಲಿ ಪ್ರಶ್ನೆ ಕೇಳಲಿ, ಶಾಸಕರು ಕೂತು ಕೇಳಲಿ. ಎರಡನೆಯದಾಗಿ, ವಿರೋಧ ಪಕ್ಷಗಳೇ ಕಾರ್ಯಸೂಚಿ ಗೊತ್ತುಮಾಡುವ ದಿನಗಳಿರಲಿ. ಬ್ರಿಟನ್ನಿನ ಕಾಮನ್ಸ್ ಸಭೆ ಪ್ರತಿ ಅಧಿವೇಶನಕ್ಕೆ 20 ದಿನಗಳನ್ನು ಹೀಗೆ ಮೀಸಲಿಡುತ್ತದೆ. ಮೂರನೆಯದಾಗಿ, ಗಡಿಯ ಬಗ್ಗೆ ನಿರ್ಣಯ ಮಾಡುವ ಮೊದಲು ತಮ್ಮ ರಾಜ್ಯದಲ್ಲೇ ಇರುವ ಆ ಇನ್ನೊಂದು ಭಾಷೆಯವರನ್ನು ಸಮಿತಿಯ ಮುಂದೆ ಕರೆಸಿ ಕೇಳಲಿ.

ದೀಪ ಹಚ್ಚಿ, ಭಾಷಣ ಬಿಗಿದು, ಚಹಾ ಕುಡಿದು ಏಳುವುದು ಸುಲಭ. ಹಿಡಿಸದವನ ಮಾತು ಮುಗಿಯುವ ತನಕ ಮೈಕು ಅವನ ಕೈಯಲ್ಲೇ ಬಿಡುವುದು ಕಷ್ಟ. ಆ ಕಷ್ಟದ ಕೆಲಸಕ್ಕೇ ಅಲ್ಲವೆ ನಾವು ಅವರನ್ನು ಆರಿಸಿ ಕಳಿಸುವುದು? ಏನಂತೀರಿ?