ಜಹೀರಾಬಾದಿನಿಂದ ತಾಂಡೂರಿಗೆ ಐದು ದಿನದ ದಾರಿ

ಗಡಿಭಾಗದ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಪ್ರವಾಸಕ್ಕೆ ಹೋಗುವುದುಂಟು. ಬೀದರಿನ ಕೋಟೆ, ಬಸವಕಲ್ಯಾಣ, ಅನುಕೂಲವಾದರೆ ಹಂಪಿ. ಇತ್ತ ಹೈದರಾಬಾದಿನ ಚಾರ್‌ಮಿನಾರ್ ಮತ್ತು ಮೃಗಾಲಯ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಎಂಬ ಹೆಸರುಗಳು ಆ ಪಟ್ಟಿಗಳಲ್ಲಿ ಕಾಣುವುದಿಲ್ಲ. ಅಲ್ಲಿಯವರನ್ನೇ ಕೇಳಿದರೂ "ಇಲ್ಲೇನದರಿ ನೋಡ್ಲಿಕ್ಕೆ?" ಎಂಬ ಉತ್ತರ ಬರುತ್ತದೆ. ಆದರೆ ತೆಲಂಗಾಣದಲ್ಲಿದ್ದುಕೊಂಡು ಕನ್ನಡದಲ್ಲಿ ಏಕೆ ಓದುತ್ತೀ ಎಂದು ನೆರೆಮನೆಯ ಹುಡುಗ ಕೇಳಿದಾಗ ಮಾತು ತೋಚದೆ ನಿಲ್ಲುವ ಮಗುವಿಗೆ ಹಂಪಿಯ ಕಲ್ಲಿನ ರಥ ಉತ್ತರವನ್ನು ಒದಗಿಸಲಾರದು. ಜೂನ್ ತಿಂಗಳು ಬಂದಾಗಲೆಲ್ಲ ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸುವುದೆಂದು ರಾತ್ರಿ ಕುಳಿತು ಲೆಕ್ಕ ಹಾಕುವ ತಂದೆತಾಯಿಗಳಿಗೂ ಈ ಮೂರು ಊರುಗಳ ನಡುವಣ ದಾರಿಯನ್ನು ಒಮ್ಮೆ ನಿಧಾನವಾಗಿ ಕ್ರಮಿಸುವುದು ಉಪಯುಕ್ತವಾದೀತು.

ಈ ದಾರಿಯ ನಕ್ಷೆ ಒಂದು ಕಾನೂನಿನ ಪುಟದಲ್ಲಿದೆ. 1955ರಲ್ಲಿ ವರದಿ ಸಲ್ಲಿಸಿದ ರಾಜ್ಯ ಪುನರ್ವಿಂಗಡಣಾ ಆಯೋಗವು ಬೀದರ್ ಜಿಲ್ಲೆಯನ್ನು ಇಡಿಯಾಗಿ ಉಳಿಕೆಯ ಹೈದರಾಬಾದ್ ರಾಜ್ಯದಲ್ಲೇ ಇರಿಸಲು ಸೂಚಿಸಿತ್ತು. ಮರುವರ್ಷದ ಕಾಯ್ದೆ ಹಾಗೆ ಮಾಡದೆ ಜಿಲ್ಲೆಯನ್ನು ಒಡೆಯಿತು. ನಿರ್ಣಾ ಸರ್ಕಲನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್, ನಾರಾಯಣಖೇಡ ತಾಲ್ಲೂಕು, ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಗೆರೆ ಎಷ್ಟು ಸೂಕ್ಷ್ಮವಾಗಿ ಹರಿಯಿತೆಂದರೆ ಒಂದೇ ತಾಲ್ಲೂಕಿನೊಳಗೆ ನಿರ್ಣಾದ ಹಳ್ಳಿಗಳು ಅತ್ತ, ಉಳಿದವು ಇತ್ತ. 1956ರ ನವೆಂಬರ್ 1ರ ಬೆಳಿಗ್ಗೆ ಯಾರೂ ಮನೆ ಬದಲಿಸಲಿಲ್ಲ. ಮನೆಯ ರಾಜ್ಯ ಬದಲಾಗಿತ್ತು. ಮುಂದೆ 2014ರಲ್ಲಿ ರಾಜ್ಯದ ಹೆಸರು ತೆಲಂಗಾಣವಾಯಿತು. 2016ರಲ್ಲಿ ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿದವು. ಎಂಬತ್ತು ದಾಟಿದ ಅಜ್ಜಿಯೊಬ್ಬಳು ಒಂದೇ ಪಡಸಾಲೆಯಲ್ಲಿ ಕುಳಿತು ಮೂರು ರಾಜ್ಯಗಳನ್ನು ಕಂಡಿದ್ದಾಳೆ. ಪ್ರವಾಸಕ್ಕೆ ಹೊರಡುವ ಮುನ್ನ ಮಕ್ಕಳು ಕಾಯ್ದೆಯ ಈ ಹೆಸರುಗಳನ್ನು ಅದೇ ಅನುಕ್ರಮದಲ್ಲಿ ನೋಟುಪುಸ್ತಕದಲ್ಲಿ ಬರೆದುಕೊಂಡರೆ ಅದೇ ಅವರ ಪ್ರವಾಸಪಟ್ಟಿ.

ಕಾಲದ ಆಯ್ಕೆಯಲ್ಲಿ ಹೆಚ್ಚು ಗೊಂದಲವಿಲ್ಲ. ಮಾರ್ಚ್ ಬಂದರೆ ಬಿಸಿಲು ಏರುತ್ತದೆ, ಹೊಲ ಬರಿದಾಗುತ್ತದೆ. ಡಿಸೆಂಬರಿನ ಕೊನೆಯಿಂದ ಫೆಬ್ರವರಿಯ ನಡುವಿನವರೆಗೆ ಈ ನಾಡು ತುಂಬಿರುತ್ತದೆ: ಬಿಳಿಜೋಳ ತೆನೆಗಟ್ಟಿರುತ್ತದೆ, ಕುಸುಬೆ, ಕಡಲೆ, ಅಗಸೆ ನಿಂತಿರುತ್ತವೆ, ತೊಗರಿ ಕಣಕ್ಕೆ ಬರುತ್ತಿರುತ್ತದೆ. ಈ ಅವಧಿಯಲ್ಲಿ ಎರಡು ಸಂದರ್ಭಗಳಿವೆ. ಒಂದು ಮಾರ್ಗಶಿರದ ಕೊನೆಯಲ್ಲಿ ಬರುವ ಎಳ್ಳಮಾವಾಸ್ಯೆ, ಇನ್ನೊಂದು ಸಂಕ್ರಾಂತಿಯ ರಜೆ. ಎಳ್ಳಮಾವಾಸ್ಯೆಯಂದು ಬೀದರ್, ಕಲಬುರಗಿಗಳಂತೆ ಗಡಿಯ ಈಚೆಗೂ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಜೋಳದ ದಂಟುಗಳ ಪುಟ್ಟ ಗುಡಿಸಲು ಮಾಡಿ, ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಬೆಳೆಯ ಸುತ್ತ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಅಂಬಲಿ ಉಣ್ಣುತ್ತಾರೆ. ಇಲ್ಲಿ ಭಜ್ಜಿಯೆಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹೊಸ ಕಾಳು ಮತ್ತು ಹಸಿ ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಪಲ್ಯ. ಆ ದಿನ ದಾರಿಯಲ್ಲಿ ಸಿಕ್ಕ ಅಪರಿಚಿತರನ್ನೂ ಊಟಕ್ಕೆ ಕರೆಯುವುದು ರೂಢಿ, ಮತ್ತು ಕರೆದಾಗ ಹೋಗುವುದು ಮರ್ಯಾದೆ. ಶಾಲೆಗೆ ಅಂದು ರಜೆಯಿರಲಿಕ್ಕಿಲ್ಲ. ಒಂದು ದಿನದ ಹಾಜರಿಗಾಗಿ ಈ ಊಟವನ್ನು ಬಿಡಬೇಕೇ ಎಂಬುದನ್ನು ಆಯಾ ಮನೆಯವರೇ ತೀರ್ಮಾನಿಸಬೇಕು. ಮುಖ್ಯೋಪಾಧ್ಯಾಯರೂ ಬಹುಶಃ ಆ ದಿನ ಯಾವುದೋ ಹೊಲದಲ್ಲಿಯೇ ಇರುತ್ತಾರೆ.

ಸ್ವಂತ ಕಾರಿನಲ್ಲಿ ಈ ಮೂರೂ ಊರುಗಳನ್ನು ಒಂದೇ ದಿನದಲ್ಲಿ ಮುಟ್ಟಿ ಬರಬಹುದು, ಏನನ್ನೂ ಕಾಣದೆ. ಬಸ್ಸು, ರೈಲು, ಕಾಲ್ನಡಿಗೆ ಇವುಗಳೇ ತಕ್ಕ ಸಾಧನ. 2023ರ ಡಿಸೆಂಬರ್ 9ರಿಂದ ತೆಲಂಗಾಣದ ಮಹಿಳೆಯರಿಗೂ ಬಾಲಕಿಯರಿಗೂ ಪಲ್ಲೆವೆಲುಗು ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಗುರುತಿನ ಚೀಟಿ ಜೊತೆಗಿರಬೇಕು. ಬೀದರಿನ ಕಡೆ ದಾಟುವ ಬಸ್ಸಿನಲ್ಲಿ ಈ ಸೌಲಭ್ಯ ಗಡಿಯವರೆಗೆ ಮಾತ್ರ. ಅತ್ತ ಕರ್ನಾಟಕದ ಶಕ್ತಿ ಯೋಜನೆ ಅಲ್ಲಿಯ ನಿವಾಸಿಗಳಿಗೆ ಮೀಸಲು. ಹೀಗಾಗಿ ಗಡಿಯಲ್ಲಿ ಅವ್ವ ಪರ್ಸು ತೆರೆಯುವ ಆ ಕ್ಷಣದಲ್ಲೇ ಮಗುವಿಗೆ ರಾಜ್ಯವೆಂದರೇನು ಎಂಬುದು ಪಾಠಪುಸ್ತಕಕ್ಕಿಂತ ಸ್ಪಷ್ಟವಾಗಿ ತಿಳಿಯುತ್ತದೆ.

ಮೊದಲ ಎರಡು ದಿನ ಜಹೀರಾಬಾದಿಗೆ. ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಊರಾದ್ದರಿಂದ ತಂಗಲು ವಸತಿಗೃಹಗಳಿವೆ. ಊರೊಳಗೆ ಲಾರಿ, ಕಬ್ಬಿನ ಟ್ರ್ಯಾಕ್ಟರು, ಕಾರ್ಖಾನೆಯ ಗದ್ದಲವೇ ಹೆಚ್ಚು. ಹೆದ್ದಾರಿಯಿಂದ ಎರಡು ಕಿಲೋಮೀಟರ್ ಸರಿದರೆ ಕೆಮ್ಮಣ್ಣಿನ ಹೊಲಗಳು ಆರಂಭವಾಗುತ್ತವೆ. ಬೀದರಿನ ಜಂಬಿಟ್ಟಿಗೆಯ ನೆಲವೇ ಇಲ್ಲಿಯವರೆಗೆ ಚಾಚಿದೆ. ಸಮೀಪದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಕೇಂದ್ರವಿದೆ. 1980ರ ದಶಕದಿಂದ ಈ ಭಾಗದ ಬಡ, ಬಹುಪಾಲು ದಲಿತ ಹೆಣ್ಣುಮಕ್ಕಳ ಸಂಘಗಳನ್ನು ಕಟ್ಟಿ, ಬೀಳುಬಿದ್ದ ಭೂಮಿಯಲ್ಲಿ ಸಿರಿಧಾನ್ಯ ಬೆಳೆಯಿಸಿದ ಸಂಸ್ಥೆ ಇದು. ಇದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ. ವಿ. ಸತೀಶ್ ಮೈಸೂರಿನವರು. ದೂರದರ್ಶನದ ಕೆಲಸ ಬಿಟ್ಟು ಬಂದು, 2023ರ ಮಾರ್ಚಿನಲ್ಲಿ ತೀರಿಕೊಳ್ಳುವವರೆಗೂ ಈ ಹಳ್ಳಿಗಳಿಗಾಗಿ ದುಡಿದರು. ಪ್ರತಿವರ್ಷ ಸಂಕ್ರಾಂತಿಗೆ ಈ ಸಂಘಗಳ ಬೀಜದ ಜಾತ್ರೆ ಹೊರಡುತ್ತಿತ್ತು: ಹಳೆಯ ತಳಿಯ ಬೀಜಗಳನ್ನು ಹೇರಿ ಸಿಂಗರಿಸಿದ ಎತ್ತಿನ ಬಂಡಿಗಳು ಸುಮಾರು ಒಂದು ತಿಂಗಳ ಕಾಲ ಹಳ್ಳಿಯಿಂದ ಹಳ್ಳಿಗೆ ಸಾಗಿ, ಪ್ರತಿ ಊರಿನಲ್ಲೂ ನಿಂತು, ರೈತರೊಡನೆ ಮಾತನಾಡಿ ಮುಂದುವರಿಯುವ ಯಾತ್ರೆ. ನಿಧಾನದ ಪ್ರವಾಸವನ್ನು ಯೋಜಿಸುವವರಿಗೆ ಇದಕ್ಕಿಂತ ಉತ್ತಮ ಮಾದರಿ ಬೇರೆ ಇರಲಾರದು. ಆ ವರ್ಷದ ಜಾತ್ರೆ ಮತ್ತು ಅದರ ಮಾರ್ಗವನ್ನು ಪಸ್ತಾಪುರದಲ್ಲಿ ಮುಂಚಿತವಾಗಿ ವಿಚಾರಿಸಿ, ಬಂಡಿಗಳ ಹಿಂದೆ ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಮಕ್ಕಳನ್ನು ನಡೆಸಿಕೊಂಡು ಹೋದರೆ ಸಾಕು. ಕಪ್ಪು ನೆಲದಲ್ಲಿ ಮಳೆಗೊಬ್ಬರಗಳಿಲ್ಲದೆ ಚಳಿಗಾಲದ ಇಬ್ಬನಿಯಲ್ಲಿಯೇ ಬೆಳೆಯುವ ಪೈರುಗಳನ್ನು ಇಲ್ಲಿಯವರು ತೆಲುಗಿನಲ್ಲಿ 'ಸತ್ಯಂ ಪಂಟಲು' ಎನ್ನುತ್ತಾರೆ, ಸತ್ಯದ ಬೆಳೆಗಳು. ಮಚನೂರಿನಲ್ಲಿ ಇದೇ ಹೆಣ್ಣುಮಕ್ಕಳು 2008ರ ಅಕ್ಟೋಬರ್ 15ರಂದು ಆರಂಭಿಸಿದ ಸಂಘಂ ರೇಡಿಯೋ ಇದೆ. ಅದನ್ನು ಕಟ್ಟಿ ನಡೆಸಿದವರಲ್ಲಿ ಇಬ್ಬರ ಹೆಸರೂ ನರಸಮ್ಮ.

ಎರಡನೆಯ ದಿನ ಝರಾಸಂಗಮದ ಕೇತಕಿ ಸಂಗಮೇಶ್ವರ. ಶಿವರಾತ್ರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಾರದ ನಡುವಿನ ಸಾಧಾರಣ ದಿನ ಹೋದರೆ ಗುಂಡದ ಮೆಟ್ಟಿಲ ಮೇಲೆ ಕುಳಿತಿರಬಹುದು. ಕರ್ನಾಟಕ, ಮಹಾರಾಷ್ಟ್ರಗಳಿಂದ ಬರುವ ಭಕ್ತರು ಅಷ್ಟಿಷ್ಟಲ್ಲ. ಮಕ್ಕಳಿಗೆ ಇಲ್ಲಿ ಒಂದೇ ಕೆಲಸ ಕೊಡಬೇಕು: ಅರ್ಧ ಗಂಟೆ ಸುಮ್ಮನೆ ಕುಳಿತು, ಕಿವಿಗೆ ಬೀಳುವ ಭಾಷೆಗಳನ್ನು ಎಣಿಸುವುದು. ಕನ್ನಡ, ತೆಲುಗು, ಮರಾಠಿ, ದಖನಿ ಉರ್ದು, ಲಂಬಾಣಿ ಎಲ್ಲವೂ ಸಿಕ್ಕಾವು. ಒಬ್ಬರೇ ಮಾತಿನ ನಡುವೆ ಒಂದರಿಂದ ಇನ್ನೊಂದಕ್ಕೆ ದಾಟುವುದೂ ಕೇಳಿಸೀತು.

ಮೂರನೆಯ ದಿನ ನ್ಯಾಲಕಲ್ಲಿನ ಕಡೆಯಿಂದ ನಾರಾಯಣಖೇಡಕ್ಕೆ. ಈ ಭಾಗದ ಹಳ್ಳಿಗಳ ಹೆಸರುಗಳನ್ನು ಬಸ್ಸಿನ ಕಿಟಕಿಯಿಂದ ಓದುತ್ತ ಹೋಗುವುದೇ ಒಂದು ಪಾಠ. ಬೋರ್ಡುಗಳ ಮೇಲೆ ಕನ್ನಡ ವಿರಳ. ಆದರೆ ತೆಲುಗು ಮತ್ತು ಕನ್ನಡ ಲಿಪಿಗಳು ಒಂದೇ ತಾಯಿಬೇರಿನವು. ತಲೆಕಟ್ಟಿನ ವ್ಯತ್ಯಾಸವನ್ನು ಒಮ್ಮೆ ತೋರಿಸಿಕೊಟ್ಟರೆ ಐದನೆಯ ತರಗತಿಯ ಮಗು ಸಂಜೆಯ ಹೊತ್ತಿಗೆ ಬಹಳಷ್ಟನ್ನು ಓದಿಕೊಳ್ಳುತ್ತದೆ. ನ್ಯಾಲಕಲ್ ಎಂಬಲ್ಲಿ ಕೊನೆಗೆ ನಿಂತ 'ಕಲ್', ಹದ್ನೂರು, ಮನೂರುಗಳ 'ಊರು' ಯಾವ ಭಾಷೆಯವೆಂದು ಕೇಳಿದರೆ ಮಗು ಯೋಚಿಸಬೇಕಾಗುತ್ತದೆ, ಏಕೆಂದರೆ ಊರೂ ಕಲ್ಲೂ ದ್ರಾವಿಡ ಮನೆಗಳಲ್ಲಿ ಹಂಚಿಹೋದ ಪದಗಳು. ಕೆಲವು ಹೆಸರುಗಳ ಹಿಂದೆ ಆವರಣದಲ್ಲಿ ಒಂಟಿಯಾಗಿ ಕುಳಿತ 'ಕೆ' ಮತ್ತು 'ಬಿ' ಅಕ್ಷರಗಳು ನಿಜಾಮರ ಕಂದಾಯ ದಫ್ತರದವು: ಖುರ್ದ್ ಎಂದರೆ ಚಿಕ್ಕದು, ಬುಜುರ್ಗ್ ಎಂದರೆ ದೊಡ್ಡದು. ಬೀದರ್ ಜಿಲ್ಲೆಯ ಹಳ್ಳಿಗಳಿಗೂ ಇದೇ ಬಾಲವಿದೆ.

ಯಾವ ದಾರಿ ಹಿಡಿದರೂ ನಾರಾಯಣಖೇಡಕ್ಕೆ ಮಂಜೀರಾ ದಾಟಿಯೇ ಹೋಗಬೇಕು. ಬಾಲಾಘಾಟದ ಬೆಟ್ಟಗಳಲ್ಲಿ ಹುಟ್ಟಿ ಆಗ್ನೇಯಕ್ಕೆ ಹರಿಯುವ ನದಿ, ಸಿಂಗೂರಿನ ಜಲಾಶಯವನ್ನೂ ಸಂಗಾರೆಡ್ಡಿಯ ಸಮೀಪವನ್ನೂ ಹಾದು ಉತ್ತರಕ್ಕೆ ತಿರುಗಿ ಗೋದಾವರಿಯನ್ನು ಸೇರುತ್ತದೆ. ಆ ದೊಡ್ಡ ಬಳಸಿನ ಒಳಗೆ ನಾರಾಯಣಖೇಡವಿದೆ. ಹೈದರಾಬಾದಿನಲ್ಲಿರುವ ಓದುಗರ ನಲ್ಲಿಯ ನೀರಿನಲ್ಲಿ ಇದರ ಪಾಲೂ ಇದೆ. ಸೇತುವೆಯ ಹತ್ತಿರ ಇಳಿದು ನೋಡಬಹುದು, ನೀರಿಗಿಳಿಯುವುದು ಬೇಡ: ಈ ನದಿಯಲ್ಲಿ ಮೊಸಳೆಗಳಿವೆ.

ನಾರಾಯಣಖೇಡದಲ್ಲಿ ಪ್ರೇಕ್ಷಣೀಯವೆಂದು ಬೆರಳು ತೋರಿಸುವಂಥದ್ದು ಕಡಿಮೆ. ಇಲ್ಲಿ ಮಾತಾಡಿಸುವುದೇ ಪ್ರವಾಸ. ಔರಾದಿನ ದಿಕ್ಕಿನ ಹಳ್ಳಿಗಳಲ್ಲಿ ಕನ್ನಡಕ್ಕೆ ಮರಾಠಿ ಬೆರೆಯುತ್ತದೆ. ಶಾಲೆಯಲ್ಲಿ 'ಏನು ಮಾಡುತ್ತಿದ್ದೀರಿ' ಎಂದು ಬರೆಯುವ ಮಗುವಿಗೆ ಇಲ್ಲಿ "ಏನ್ ಮಾಡ್ಲತ್ತೀರಿ" ಎಂಬುದು ಕೇಳುತ್ತದೆ. ಇದು ಅಶುದ್ಧವೆಂದು ಮಗುವನ್ನು ತಿದ್ದುವ ಅಭ್ಯಾಸ ನಮ್ಮ ಅನೇಕ ಮನೆಗಳಲ್ಲೂ ತರಗತಿಗಳಲ್ಲೂ ಉಂಟು. ಮನೆಯ ಮಾತು ಕೀಳು, ಪುಸ್ತಕದ ಮಾತು ಪರಕೀಯ ಎಂದು ಅನ್ನಿಸಿದ ಮೇಲೆ ಮಗು ಎರಡನ್ನೂ ಬಿಟ್ಟು ಇಂಗ್ಲಿಷಿನ ಕಡೆ ಹೋಗುವುದರಲ್ಲಿ ಆಶ್ಚರ್ಯವೇನಿದೆ? ವಯಸ್ಸಾದವರನ್ನು ಮುತ್ಯಾ, ಆಯಿ ಎಂದೂ ನಡುವಯಸ್ಸಿನವರನ್ನು ಕಾಕಾ ಎಂದೂ ಕರೆದು, "ನಿಮ್ಮ ಕಾಲದಾಗ ಸಾಲಿ ಯಾವ ಭಾಷೆದಾಗ ಇತ್ರಿ?" ಎಂದು ಕೇಳುವುದನ್ನು ಮಕ್ಕಳಿಗೆ ಹೇಳಿಕೊಡಬೇಕು. 1948ಕ್ಕೆ ಮೊದಲು ರಾಜ್ಯದ ಆಡಳಿತಭಾಷೆ ಉರ್ದು. ಆ ಕಾಲದ ಶಾಲೆಯನ್ನು ಕಂಡವರು ಇನ್ನು ಕೆಲವರೇ ಉಳಿದಿದ್ದಾರೆ. ಈ ಪ್ರಶ್ನೆಯನ್ನು ಮುಂದಿನ ವರ್ಷಕ್ಕೆ ಮುಂದೂಡುವಂತಿಲ್ಲ.

ನಾಲ್ಕನೆಯ ದಿನ ಜಹೀರಾಬಾದಿಗೆ ಮರಳಿ ರೈಲು. ಬೀದರಿನಿಂದ ಬರುವ ಈ ಹಳಿ ಕೋಹೀರ್, ಮರ್ಪಲ್ಲಿಗಳ ಮೇಲೆ ವಿಕಾರಾಬಾದಿಗೆ ಹೋಗುತ್ತದೆ. ಕೋಹೀರಿನ ಬಳಿ ಹುಟ್ಟುವ ಕಾರಂಜಾ ಹೊಳೆ ಬೀದರ್ ಜಿಲ್ಲೆಗೆ ಹರಿದು ಮಂಜೀರಾ ಸೇರುತ್ತದೆ. ನಿಜಾಮರ ಕಾಲದ ಜಿಲ್ಲೆ ಒಡೆದರೂ ನೀರು ಹಳೆಯ ದಾರಿಯಲ್ಲೇ ಇದೆ. ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ, 1874ರಲ್ಲಿ ತೆರೆದ ವಾಡಿ ಮಾರ್ಗದಲ್ಲಿ ತಾಂಡೂರಿಗೆ ಹೋಗಬೇಕು. ಸಣ್ಣ ನಿಲ್ದಾಣಗಳಲ್ಲಿ ನಿಲ್ಲುವ ಗಾಡಿಗಳು ಕಡಿಮೆಯಾದ್ದರಿಂದ ಸಮಯಪಟ್ಟಿ ನೋಡಿಕೊಂಡು ನಾಲ್ಕನೆಯ ದಿನವನ್ನು ಪೂರ್ತಿ ಪಯಣಕ್ಕೇ ಬಿಡುವುದು ಒಳ್ಳೆಯದು. ಗೋದಾವರಿಯ ನೀರಿನ ನಾಡಿನಿಂದ ಕೃಷ್ಣೆಯ ನೀರಿನ ನಾಡಿಗೆ ದಾಟುವುದು ಈ ಹಾದಿಯಲ್ಲಿಯೇ.

ತಾಂಡೂರು ಕಲ್ಲಿನ ಊರು. ನೆಲಕ್ಕೆ ಹಾಸುವ ಪರಸಿ ಗಡಿಯ ಈಚೆ ತಾಂಡೂರು ಕಲ್ಲು, ಆಚೆ ಶಹಾಬಾದಿ ಕಲ್ಲು. ಎರಡೂ ಭೀಮಾ ತೀರದ ಸುಣ್ಣಕಲ್ಲಿನ ಒಂದೇ ಹಾಸಿನವು. ತೊಗರಿಯದೂ ಇದೇ ಕಥೆ. ಕಲಬುರಗಿಯ ತೊಗರಿಬೇಳೆ 2019ರಲ್ಲಿ, ತಾಂಡೂರಿನ ತೊಗರಿ 2022ರಲ್ಲಿ ಬೇರೆಬೇರೆಯಾಗಿ ಭೌಗೋಳಿಕ ಸೂಚಕದ ಮನ್ನಣೆ ಪಡೆದವು. ಯಾವುದು ಬೇಗ ಬೇಯುತ್ತದೆ, ಯಾವುದಕ್ಕೆ ರುಚಿ ಹೆಚ್ಚು ಎಂಬ ಜಗಳವನ್ನು ಎರಡೂ ಕಡೆಯ ಬೀಗರು ಮುಂದುವರಿಸಿಕೊಳ್ಳಲಿ. ಜನವರಿಯಲ್ಲಿ ಮಾರುಕಟ್ಟೆಯ ಪ್ರಾಂಗಣದಲ್ಲಿ ಹೊಸ ತೊಗರಿಯ ರಾಶಿ ನೋಡಬಹುದು. ಕಲ್ಲಿನ ಗಣಿಗಳನ್ನು ರಸ್ತೆಯಿಂದಲೇ ನೋಡಬೇಕು. ಕೈಬಿಟ್ಟ ಗುಂಡಿಗಳಲ್ಲಿ ಆಳವಾದ ನೀರು ನಿಂತಿರುತ್ತದೆ. ಸಂಜೆಗೆ ಭಾವಿಗಿ ಭದ್ರೇಶ್ವರನ ಗುಡಿಗೆ ಹೋಗಿಬರಬಹುದು.

ತಾಂಡೂರಿನ ಕಾಗಿಣಾ ಹೊಳೆ ಮುಂದೆ ಸೇಡಂ ಸೀಮೆ ಹೊಕ್ಕು ಮಳಖೇಡವನ್ನು ಹಾದು ಭೀಮೆಯನ್ನು ಸೇರುತ್ತದೆ. ಐದನೆಯ ದಿನ ಅದರ ಜೊತೆಗೇ ಹೋಗಬಹುದು: ರೈಲಿನಲ್ಲಿ ನವಾಂದಗಿ ತೆಲಂಗಾಣದ್ದು, ಅದರಾಚೆಯ ಕುರಗುಂಟಾ ಕರ್ನಾಟಕದ್ದು, ಬಳಿಕ ಸೇಡಂ, ಮಳಖೇಡ ರೋಡ್. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಆಳಿದ್ದು ಇಲ್ಲಿಂದ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದ 'ಕವಿರಾಜಮಾರ್ಗ' ಅವನ ಆಸ್ಥಾನದ ಕೃತಿ. ಮೂರನೆಯ ದಿನ ದಾಟಿದ ಮಂಜೀರಾ ಹೋಗಿ ಸೇರುವುದು ಅದೇ ಗೋದಾವರಿಗೆ ಎಂಬುದನ್ನು ಮಕ್ಕಳೇ ನಕ್ಷೆಯಲ್ಲಿ ಕಂಡುಹಿಡಿಯುವಂತೆ ಬಿಡಬೇಕು, ಹಿರಿಯರು ಮೊದಲೇ ಹೇಳಬಾರದು. ಮಳಖೇಡದ ಕೋಟೆಯ ಗೋಡೆಗಳಿಗೂ ತಾಂಡೂರಿನ ಅಂಗಳಗಳಿಗೂ ಬಳಸಿದ ಕಲ್ಲು ಹೋಲುತ್ತದೆಯೇ ಎಂದು ಕೈಯಿಂದ ಮುಟ್ಟಿ ನೋಡಲು ಅರ್ಧ ದಿನ ಸಾಕು. ಹಿಂದಿರುಗುವ ಗಾಡಿ ಮಳಖೇಡ ರೋಡಿನಲ್ಲಿ ನಿಲ್ಲುವುದೇ ಎಂದು ತಾಂಡೂರಿನಲ್ಲೇ ವಿಚಾರಿಸಿಕೊಳ್ಳಬೇಕು. ನಿಲ್ಲದಿದ್ದರೆ ಸೇಡಮಿಗೆ ಬಸ್ಸಿನಲ್ಲಿ ಬಂದು ರೈಲು ಹಿಡಿಯಬಹುದು.