ಕೆರೆಯ ದಂಡೆಯಲ್ಲಿ ಒಂದು ಬೆಳಗು

ಅಹಮದಾಬಾದಿಗೆ ಬಂದ ನೆಂಟರನ್ನು ಕಾಂಕರಿಯಾ ಕೆರೆಗೆ ಕರೆದೊಯ್ಯುವುದು ನಮ್ಮೆಲ್ಲರ ವಾಡಿಕೆಯಷ್ಟೆ. 1451ರಲ್ಲಿ ಸುಲ್ತಾನ ಕುತುಬುದ್ದೀನನ ಕಾಲದಲ್ಲಿ ಮುಗಿದ ಕೆರೆ. 2008ರ ನವೀಕರಣದ ಮೇಲಂತೂ ಪುಟಾಣಿ ರೈಲು, ದೀಪಗಳು, ಜನಜಂಗುಳಿ. ಒಂದು ತಿಂಗಳಿಂದ "ಊರಿಗೆ ಕಳಿಸಿಬಿಡು" ಎನ್ನುತ್ತಿದ್ದ ನಮ್ಮ ತಾಯಿಯವರು ಅರ್ಧ ಸುತ್ತು ನಡೆದು, "ಇದು ಕೆರೆಯಲ್ಲ ಕಣಪ್ಪಾ, ಜಾತ್ರೆ" ಎಂದುಬಿಟ್ಟರು.

ಮುಂದಿನ ಭಾನುವಾರ ಬೆಳಗಾಗುತ್ತಲೇ ಸರ್ಖೇಜಿಗೆ ಹೋದೆವು. ಸಂತ ಅಹಮದ್ ಖಟ್ಟೂ ಅವರ ಗೋರಿಯ ಮಗ್ಗುಲಲ್ಲೇ ಮಹಮೂದ್ ಬೇಗಡಾ ತೋಡಿಸಿದ ಕೆರೆ. ನಮ್ಮ ಕಲ್ಯಾಣಿಗಳಂತೆ ಮೆಟ್ಟಿಲು ಮೆಟ್ಟಿಲು. 1511ರಲ್ಲಿ ತೀರಿಕೊಂಡ ಆ ಸುಲ್ತಾನನ ಸಮಾಧಿಯೂ ಅಲ್ಲಿಯೇ. ಗಲಾಟೆಯಿಲ್ಲ, ಪಾರಿವಾಳಗಳ ಸದ್ದು ಮಾತ್ರ.

ದಂಡೆಯಲ್ಲಿ ನಿಂತು ತಾಯಿಯವರು ಕೇಳಿದ್ದು ಒಂದೇ: "ನೀರು ಯಾವ ಕಡೆಯಿಂದ ಬರುತ್ತದೆ?" ಕೆತ್ತನೆಯ ಕಲ್ಲಿನ ತೂಬನ್ನು ತೋರಿಸಿದೆವು. ಬೇಸಗೆಯಲ್ಲಿ ಬತ್ತುವ ಕೆರೆಯೆಂದಾಗ, "ನಮ್ಮೂರದೂ ಹಾಗೆಯೇ" ಎಂದು ಮೆಟ್ಟಿಲ ಮೇಲೆ ಕುಳಿತರು. ಆಮೇಲೆ ಮೊಮ್ಮಗಳ ಕೈಹಿಡಿದು, ಊರ ಕೆರೆ ಕೋಡಿಬಿದ್ದ ವರ್ಷದ ಕತೆ ಹೇಳುತ್ತಾ ನಡೆದರು. ಇಲ್ಲಿಯೇ ಹುಟ್ಟಿದ ಮಗು 'ಕೋಡಿ' ಎಂಬ ಮಾತನ್ನು ಕೇಳಿದ್ದು ಅಂದೇ ಮೊದಲು.

ಊರಿನ ಟಿಕೀಟಿನ ಮಾತು ಆ ದಿನ ಬರಲಿಲ್ಲ. ವಡೋದರೆ, ಸೂರತ್ತಿನ ಬಂಧುಗಳೇ, ಹಿರಿಯರನ್ನು ನೋಟ ತೋರಿಸಲಷ್ಟೇ ಅಲ್ಲ, ಒಮ್ಮೆ ನೀರ ಬಳಿ ನಿಧಾನವಾಗಿ ನಡೆಯಲೂ ಕರೆದೊಯ್ಯಿರಿ. ಮಕ್ಕಳೂ ಜೊತೆಗಿರಲಿ.