ತಂತಿ ಒಂದೇ ಇರುವಾಗ ಪೈಪೋಟಿ ಎಲ್ಲಿಯದು?

ಸಿಮ್ ಬದಲಾಯಿಸಿದ ಹಾಗೆ ಕರೆಂಟ್ ಕಂಪನಿಯನ್ನೂ ಬದಲಾಯಿಸುವಂತಾಗಲಿ ಎಂಬ ಮಾತು ವಿಜಯಪುರದ ಅಂಗಡಿಕಾರರಲ್ಲೂ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಲ್ಲೂ ಕೇಳಿಬರುತ್ತಿದೆ. ಒಂದೇ ತಂತಿ ಜಾಲದ ಮೇಲೆ ಹಲವು ಕಂಪನಿಗಳು ಕರೆಂಟ್ ಮಾರಲು ದಾರಿ ಮಾಡಿಕೊಡುವ ವಿದ್ಯುತ್ ತಿದ್ದುಪಡಿ ಮಸೂದೆಯ ಕರಡನ್ನು ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಹೊರತಂದ ಮೇಲಂತೂ ಈ ವಾದಕ್ಕೆ ಬಲ ಬಂದಿದೆ. ಈ ಭಾಗಕ್ಕೆ ಕರೆಂಟ್ ಹಂಚುವ ಸರ್ಕಾರಿ ಕಂಪನಿ ಹೆಸ್ಕಾಂ ಮೇಲಿನ ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟನ್ನು ಬಳಸಿಕೊಂಡು ಮುಂದಿಡುತ್ತಿರುವ ವಾದಗಳು ಒಂದೂ ನಿಲ್ಲುವುದಿಲ್ಲ.

ಮೊಬೈಲ್ ಉದಾಹರಣೆಯನ್ನೇ ನೋಡಿ. 2016ರಲ್ಲಿ ಜಿಯೊ ಬಂದ ಮೇಲೆ ಡೇಟಾ ದರ ನೆಲ ಕಚ್ಚಿದ್ದು ನಿಜ. ಅಲ್ಲಿ ಒಂದೊಂದು ಕಂಪನಿಗೂ ತನ್ನದೇ ತರಂಗಾಂತರ, ತನ್ನದೇ ಜಾಲ ಇತ್ತು. ಒಂದರ ಸಿಗ್ನಲ್ ಸಿಗದಿದ್ದರೆ ಇನ್ನೊಂದರದು ಸಿಗುತ್ತಿತ್ತು. ಆದರೆ ಇಟ್ಟಂಗಿಹಾಳದ ಹೊಲಕ್ಕೆ ಬರುವ ಲೈನ್ ಒಂದೇ. ಟ್ರಾನ್ಸ್‌ಫಾರ್ಮರ್ (ಟಿಸಿ) ಸುಟ್ಟರೆ, ಬಿಲ್ ಯಾವ ಕಂಪನಿಯದಾದರೂ, ಅದರ ಮೇಲಿನ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೇ ನಿಲ್ಲುತ್ತವೆ. ಕಂಬ ಹತ್ತುವವನೂ ಅದೇ ಲೈನ್‌ಮನ್. ಮೊಬೈಲ್ ಕಥೆಯ ಉತ್ತರಾರ್ಧವನ್ನಂತೂ ಈ ಮಂದಿ ಹೇಳುವುದೇ ಇಲ್ಲ. ಏರ್‌ಸೆಲ್ ಮುಳುಗಿತು, ಟೆಲಿನಾರ್ ಮಾರಾಟವಾಯಿತು, ವೊಡಾಫೋನ್–ಐಡಿಯಾ 2018ರಲ್ಲಿ ಒಂದಾದವು. ಉಳಿದ ಮೂರು ಖಾಸಗಿ ಕಂಪನಿಗಳು 2024ರ ಜುಲೈ ಆರಂಭದಲ್ಲಿ ಒಂದರ ಹಿಂದೆ ಒಂದು ದರ ಏರಿಸಿದವು. ದರ ನಿಗದಿಯನ್ನು ಕಂಪನಿಗಳಿಗೇ ಬಿಟ್ಟಿರುವ ದೂರಸಂಪರ್ಕ ನಿಯಂತ್ರಕ ಟ್ರಾಯ್ ಅದನ್ನು ತಡೆಯಲಿಲ್ಲ.

ಹಲವರು ಮಾರಿದರೆ ದರ ಇಳಿಯುತ್ತದೆ ಎನ್ನುವವರು ಬಿಲ್ಲಿನ ಒಳಗೆ ಏನಿದೆ ಎಂದು ನೋಡಬೇಕು. ವಿತರಣಾ ಕಂಪನಿಯ ಖರ್ಚಿನಲ್ಲಿ ಸುಮಾರು ಮುಕ್ಕಾಲು ಪಾಲು ಹೋಗುವುದು ಕರೆಂಟ್ ಖರೀದಿಗೆ. ಆ ಖರೀದಿಯಲ್ಲಿ ಹೆಚ್ಚಿನದು ದೀರ್ಘಾವಧಿ ಒಪ್ಪಂದಗಳಿಗೆ ಕಟ್ಟುಬಿದ್ದಿದೆ. ನಮ್ಮ ಜಿಲ್ಲೆಯದೇ ಆದ ಕೂಡಗಿಯ 2,400 ಮೆಗಾವಾಟ್ ಸ್ಥಾವರದಂಥ ಕಡೆ, ಘಟಕ ಸಿದ್ಧವಿದ್ದರೆ ಸಾಕು, ಕರೆಂಟ್ ಪಡೆಯದಿದ್ದರೂ ಸ್ಥಿರ ಶುಲ್ಕ ಕಟ್ಟಬೇಕು. ಹೊಸ ಅಂಗಡಿ ತೆರೆದರೆ ಈ ಹೊರೆ ಕರಗುವುದಿಲ್ಲ. ಬ್ರಿಟನ್ನಿನಲ್ಲಿ ಮನೆಮನೆಗೂ ಕಂಪನಿ ಆಯ್ಕೆಯ ಹಕ್ಕು ಕೊಟ್ಟು ಎರಡು ದಶಕವಾದ ಮೇಲೆ, 2019ರಲ್ಲಿ, ನಿಯಂತ್ರಕರೇ ದರಕ್ಕೆ ಮಿತಿ ಹಾಕಬೇಕಾಯಿತು. 2021ರಲ್ಲಿ ಅನಿಲದ ಬೆಲೆ ಏರಿದಾಗ 20ಕ್ಕೂ ಹೆಚ್ಚು ಕಂಪನಿಗಳು ಬಾಗಿಲು ಹಾಕಿದವು.

"ಮುಂಬೈಯಲ್ಲಿ ಆಗಿದೆಯಲ್ಲ" ಎಂಬುದು ಇವರ ಗಟ್ಟಿ ವಾದ. ಆಗಿದೆ, ಅದಕ್ಕೇ ಅದನ್ನು ಸರಿಯಾಗಿ ನೋಡಬೇಕು. 2008ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಟಾಟಾ ಪವರ್, ಅಲ್ಲಿನ ಇನ್ನೊಂದು ವಿತರಣಾ ಕಂಪನಿಯಾಗಿದ್ದ ರಿಲಯನ್ಸ್‌ನ ತಂತಿಯ ಮೇಲೆಯೇ ಅದರ ಗ್ರಾಹಕರಿಗೆ ಕರೆಂಟ್ ಕೊಡತೊಡಗಿತು. ಹೆಚ್ಚು ಬಳಸಿ ಹೆಚ್ಚು ದರ ಕೊಡುತ್ತಿದ್ದವರು ಮೊದಲು ದಾಟಿದರು. ಸಣ್ಣ ಬಳಕೆದಾರರ ಭಾರ ರಿಲಯನ್ಸ್ ಬಳಿಯೇ ಉಳಿಯಿತು. ದಾಟಿ ಹೋದವರ ಮೇಲೆ ಸರ್ಚಾರ್ಜ್ ಹಾಕಬೇಕಾಯಿತು. 2012ರಲ್ಲಿ ಮಹಾರಾಷ್ಟ್ರದ ವಿದ್ಯುತ್ ನಿಯಂತ್ರಣ ಆಯೋಗ, ತಿಂಗಳಿಗೆ 300 ಯೂನಿಟ್‌ವರೆಗಿನ ಮನೆಗಳತ್ತ ಗಮನ ಕೊಡುವಂತೆ ಟಾಟಾಗೆ ಆದೇಶಿಸಬೇಕಾಯಿತು. ಗಲ್ಲಿಗಲ್ಲಿಯಲ್ಲೂ ಜನ ತುಂಬಿರುವ ಶಹರದಲ್ಲೇ ಹೀಗಾದರೆ, ನಾಲ್ಕು ಪಂಪ್‌ಸೆಟ್ಟಿಗಾಗಿ ಕಂಬದ ಸಾಲು ಎಳೆದಿರುವ ಬಬಲೇಶ್ವರದ ತೋಟದ ವಸ್ತಿಗೆ ಯಾವ ಹೊಸ ಕಂಪನಿ ಓಡಿ ಬಂದೀತು?

"ವಿದ್ಯುತ್ ನಿಯಂತ್ರಣ ಆಯೋಗ ಹಳ್ಳಿಗಳನ್ನು ಕಾಯುತ್ತದೆ" ಎಂದರೆ, ಮಸೂದೆಯ ಕರಡನ್ನೇ ಓದಿ. ಕಾರ್ಖಾನೆಗಳು ಮತ್ತು ರೈಲ್ವೆಯಿಂದ ಬರುವ ಅಡ್ಡ ಸಹಾಯಧನವನ್ನು ಐದು ವರ್ಷದಲ್ಲಿ ನಿಲ್ಲಿಸಬೇಕೆಂದು ಅದು ಹೇಳುತ್ತದೆ. ದೊಡ್ಡ ಗ್ರಾಹಕರಿಗೆ ಕರೆಂಟ್ ಪೂರೈಸುವ ಹೊಣೆಯಿಂದ ವಿತರಣಾ ಕಂಪನಿಗೆ ವಿನಾಯಿತಿ ಕೊಡಲೂ ದಾರಿ ತೆರೆಯುತ್ತದೆ. ಹಳ್ಳಿಯ ದರ ತಗ್ಗಿಸುತ್ತಿದ್ದ ಹಣವೇ ಹೋದ ಮೇಲೆ ಆಯೋಗ ಯಾವುದರಿಂದ ಕಾಯಬೇಕು? ಉಳಿಯುವುದು ರಾಜ್ಯದ ಬೊಕ್ಕಸ, ಇಲ್ಲವೇ ರೈತನ ಜೇಬು.

ಹೆಸ್ಕಾಂ ನಷ್ಟಕ್ಕೆ ಪುಕ್ಕಟೆ ಪಂಪ್‌ಸೆಟ್ ಕಾರಣ ಎಂಬ ಮಾತು ನನಗೆ ಅತ್ಯಂತ ಅನ್ಯಾಯವೆನಿಸುತ್ತದೆ. 10 ಎಚ್‌ಪಿವರೆಗೆ ಉಚಿತ ಎಂದು ತೀರ್ಮಾನಿಸಿದ್ದು ಸರ್ಕಾರ. ಸಹಾಯಧನ ಘೋಷಿಸಿದ ಸರ್ಕಾರ ಹಣವನ್ನು ಮುಂಗಡವಾಗಿ ಕೊಡಬೇಕೆಂದು 2003ರ ವಿದ್ಯುತ್ ಕಾಯ್ದೆಯ 65ನೇ ಕಲಂ ಹೇಳುತ್ತದೆ. ಆ ಹಣ ತಡವಾದರೆ ತಪ್ಪು ರೈತನದಲ್ಲ. ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರೇ ಇಲ್ಲ, ಬಳಕೆಯನ್ನು ಅಂದಾಜಿನಿಂದ ಬರೆಯುತ್ತಾರೆ. ಸೋರಿಕೆ ಎಷ್ಟು, ಕಳ್ಳತನ ಎಷ್ಟು, ಬೆಳೆಗೆ ಹೋದದ್ದು ಎಷ್ಟು ಎಂದು ಬೇರ್ಪಡಿಸದೆ ಎಲ್ಲವನ್ನೂ ರೈತನ ಖಾತೆಗೆ ಹಚ್ಚುವುದು ಲೆಕ್ಕವಲ್ಲ.

"ಹಾಗಾದರೆ ಈಗಿರುವುದೇ ಇರಲೇ?" ಬೇಡ. ಸುಟ್ಟ ಟಿಸಿಯನ್ನು ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸಬೇಕೆಂದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಮಾನದಂಡವಿದೆ, ತಪ್ಪಿದರೆ ಗ್ರಾಹಕನಿಗೆ ಪರಿಹಾರವೂ ಇದೆ. ದ್ರಾಕ್ಷಿ ಕಾಯಿ ಕಟ್ಟುವ ಹೊತ್ತಿನಲ್ಲಿ ಮೂರು ದಿನ ನೀರಿಲ್ಲದಿರುವುದೇ ದೊಡ್ಡ ಪೆಟ್ಟು. ಆದ್ದರಿಂದ ಪರಿಹಾರ ಅರ್ಜಿ ಹಾಕದೆಯೇ ಬಿಲ್ಲಿನಲ್ಲಿ ಜಮೆಯಾಗಬೇಕು. ಪ್ರತಿ ಸೆಕ್ಷನ್ ಆಫೀಸಿನ ಗೋಡೆಯ ಮೇಲೆ ಯಾವ ಟಿಸಿ ಯಾವಾಗ ಸುಟ್ಟಿತು, ಬದಲಿ ಯಾವಾಗ ಬಂತು ಎಂಬ ಪಟ್ಟಿ ಇರಬೇಕು. ಮೀಟರ್ ಹೊಲಕ್ಕಲ್ಲ, ಟಿಸಿಗೆ ಬೇಕು. ಹೆಸ್ಕಾಂ ಬಿಟ್ಟು ಬೇರೆ ದಾರಿ ಬೇಕೆನ್ನುವವರಿಗೆ ಪಕ್ಕದ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಿದೆ: 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಅಲ್ಲಿ ಇಂದಿಗೂ ಕರೆಂಟ್ ಹಂಚುತ್ತಿದೆ, ಅದರ ಆಡಳಿತ ಮಂಡಳಿಯನ್ನು ಸದಸ್ಯರೇ ಮತ ಹಾಕಿ ಆರಿಸುತ್ತಾರೆ. ಆಯೋಗ ದರ ನಿಗದಿಗೆ ಮೊದಲು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ತಿಕೋಟಾ, ಬಬಲೇಶ್ವರದ ಬೆಳೆಗಾರರ ಆಕ್ಷೇಪಣೆ ಈ ಸಲ ಅಲ್ಲಿಗೆ ಲಿಖಿತವಾಗಿ ಹೋಗಬೇಕು, ಟಿಸಿ ಸುಟ್ಟ ತಾರೀಖುಗಳ ಸಮೇತ.